ತೋಳದ ಬಾಯಿಯ ಮರದ ಕತ್ತಿ

"ಸಾಹೇಬ್ರೇ, ಗುಡೀಲಿದ್ದ ಆಣೆ ಇಡೋ ಕಡಗ ಕಳುವಾಗಿದೆ. ಎಲ್ರೂ ನಮ್ಮ ಓಸ್ನೆ ಮೇಲೆ ಬಿದ್ದಿದ್ದಾರೆ. ಮಧ್ಯಾಹ್ನ ಸಭೆ ಸೇರಿಸಿ ಅವಳನ್ನ ಓಡಿಸ್ತಾರಂತೆ. ನೀವು ಬರ್ಲಿಲ್ಲ ಅಂದ್ರೆ ನಾನು ಆ ಪೂಜಾರಿ ಕುತ್ತಿಗೆಗೆ ಕೈ ಹಾಕ್ತೀನಿ, ಆಮೇಲೆ ನನ್ನನ್ನ ಕೇಳ್ಬೇಡಿ!"

ಬ್ರಾಟ್ಲಿಯ ಕುರಿಸಾಕಣೆಗಾರ ಮುದುಕ ಎಂಬ್ರಿಕ್ ಫೋನಿನಲ್ಲಿ ಹೀಗೆ ಕೂಗಿದ್ದು ಹಲ್‌ಸ್ಟೈನ್‌ಗೆ. ಹಲ್‌ಸ್ಟೈನ್ ಮರುಕ್ಷಣ ಫೋನ್ ಮಾಡಿದ್ದು ಬೊರ್ಗಿಲ್ಡ್‌ಗೆ. ಗಂಡನಿಗೆ ವಿಚ್ಛೇದನ ಕೊಟ್ಟರೂ ಅವನ ಡ್ರೈವರ್ ಕೆಲಸದಿಂದ ಬಿಡುಗಡೆಯಿಲ್ಲ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅವಳು ಅದಕ್ಕೂ ಒಂದು ಷರತ್ತು ಬರೆಸಿಕೊಳ್ಳುತ್ತಿದ್ದಳು. ಅವನು ಆ ಕಣಿವೆಯ ಪೊಲೀಸ್ ಅಧಿಕಾರಿಯಾಗಿ ನಿವೃತ್ತನಾಗಿ ಎಷ್ಟೋ ಕಾಲವಾಗಿತ್ತು. ಆ ಸುದ್ದಿ ಮಾತ್ರ ಕಣಿವೆಯ ಜನರ ತಲೆಗೆ ಇನ್ನೂ ಹೋಗಿರಲಿಲ್ಲ. ಯಾರ ಮನೆಯಲ್ಲಿ ಏನು ಕಳೆದುಹೋದರೂ ಅವನೇ ಬೇಕು. ಅವನಿಗೋ ತಲೆಸುತ್ತು, ಸ್ಟಿಯರಿಂಗ್ ಮುಟ್ಟಬಾರದೆಂದು ಡಾಕ್ಟರರ ಅಪ್ಪಣೆ. ಹಾಗಾಗಿ ಬೊರ್ಗಿಲ್ಡ್ ಬೇಕು.

"ಇವತ್ತು ನಾನು ಪರದೆ ಒಗೀಬೇಕಿತ್ತು" ಎಂದಳು ಅವಳು, ಕಾಡಿನ ಮಣ್ಣುರಸ್ತೆಗೆ ಕಾರು ತಿರುಗಿಸುತ್ತ.

"ಹ್ಞೂಂ" ಎಂದ ಹಲ್‌ಸ್ಟೈನ್.

"ಹ್ಞೂಂ ಅಂತೆ! ಇಪ್ಪತ್ತು ವರ್ಷ ಸಂಸಾರ ಮಾಡಿದ್ದು ಈ ಹ್ಞೂಂ ಜೊತೆಗೆ."

ಅಕ್ಟೋಬರಿನ ಚಳಿಗೆ ಬರ್ಚ್ ಮರಗಳ ಎಲೆಯೆಲ್ಲ ಉದುರಿತ್ತು. ಬ್ರಾಟ್ಲಿಯ ಅಂಗಳದಲ್ಲಿ ಎಂಬ್ರಿಕ್ ಮೊಣಕೈ ಮೇಲಕ್ಕೆ ಅಂಗಿಯ ತೋಳು ಮಡಚಿಕೊಂಡು, ಬಕೆಟ್ಟಿನ ಬಿಸಿನೀರಿನಲ್ಲಿ ಕೈಯ ರಕ್ತ ತೊಳೆದುಕೊಳ್ಳುತ್ತಿದ್ದ. ಕೊಟ್ಟಿಗೆಯ ತೊಲೆಗೆ ಚರ್ಮ ಸುಲಿದ ಎತ್ತೊಂದು ನೇತಾಡುತ್ತಿತ್ತು.

"ಇವತ್ತು ಓಸ್ನೆ ನನ್ನ ಮಗಳಾಗ್ಬೇಕಿತ್ತು" ಎಂದ ಅವನು, ನಮಸ್ಕಾರವೂ ಹೇಳದೆ. "ಹಳೇ ಕಾಲದ ಪದ್ಧತಿ ಪ್ರಕಾರ. ಎತ್ತಿನ ಮುಂಗಾಲಿನ ಚರ್ಮದಲ್ಲಿ ಒಂದು ಜೋಡು ಹೊಲೀಬೇಕು. ಅದ್ರಲ್ಲಿ ಮೊದ್ಲು ನಾನು ಕಾಲಿಡ್ಬೇಕು, ಆಮೇಲೆ ಅವಳು, ಆಮೇಲೆ ನನ್ನ ರಕ್ತಸಂಬಂಧ ಅಂತ ಇರೋ ನಮ್ಮ ರಾಗ್ನಿ. ಮುಗಿದ್ಮೇಲೆ ಎಲ್ರೂ ಕಡಗ ಹಿಡಿದು ಆಣೆ ಇಡ್ಬೇಕು. ಕಡಗ ಇಲ್ಲ ಅಂದ್ರೆ ಏನೂ ಇಲ್ಲ. ಆ ಹುಡುಗಿ ಹುಟ್ಟಿದಾಗಿಂದ ಕಂಡೋರ ಮನೇಲೇ ಬೆಳೆದೋಳು ಸಾಹೇಬ್ರೇ. ಎಂಟೋ ಒಂಬತ್ತೋ ಮನೆ. ಎಲ್ಲಾ ಕಡೆ ಸಾಕಿ ಸಾಕಿ ವಾಪಸ್ ಕಳ್ಸಿದ್ದಾರೆ. ಇಲ್ಲಿಂದಾನೂ ಕಳ್ಸಿದ್ರೆ ಅವಳು ಇನ್ನೆಲ್ಲಿಗೂ ಹೋಗಲ್ಲ, ನನಗೆ ಗೊತ್ತು."

"ಅವಳು ತೋಳನ ಪೂಜೆ ಮಾಡ್ತಾಳಂತಲ್ಲ?" ಎಂದಳು ಬೊರ್ಗಿಲ್ಡ್. "ನೀನು ನೋಡಿದ್ರೆ ಕುರಿ ಕಾಯೋನು."

"ನನ್ನ ಎಷ್ಟು ಕುರಿ ತಿಂದಿದಾವೆ ಆ ದರಿದ್ರ ತೋಳಗಳು! ಆದ್ರೂ ಅವಳಿಗೆ ಆ ಫೆನ್ರಿಸ್ ವಿಗ್ರಹ ಕೆತ್ತಿ ಕೊಟ್ಟಿದ್ದು ನಾನೇ. ಏನ್ ಮಾಡ್ಲಿ, ಕೇಳಿದ್ಲು."

ಅಂಗಳದ ಆಚೆಗಿದ್ದ ಹಳೆಯ ಕಣಜವೇ ಅವರ ಗುಡಿ. ಕಣಿವೆಯಲ್ಲಿ ಪುರಾತನ ದೇವತೆಗಳನ್ನು ನಂಬುವವರ ಸಣ್ಣ ಕೂಟ ಅಲ್ಲಿ ಸೇರುತ್ತಿತ್ತು. ಬಾಗಿಲಲ್ಲೇ ಎದುರಾದವನು ಪೂಜಾರಿ ತೊರ್ಗೈರ್. ಅಂಥ ಚಳಿಯಲ್ಲೂ ತೋಳಿಲ್ಲದ ಚರ್ಮದ ಅಂಗಿ ತೊಟ್ಟಿದ್ದ, ಭುಜದಿಂದ ಮುಂಗೈವರೆಗಿನ ಹಚ್ಚೆ ಎಲ್ಲರಿಗೂ ಕಾಣಲೆಂದು. ರೋಮಗಳೆಲ್ಲ ಸೆಟೆದು ನಿಂತಿದ್ದವು. ಇವನಿಗೆ ನ್ಯುಮೋನಿಯಾ ಬರದಿದ್ದರೆ ಅದೇ ದೊಡ್ಡ ಪವಾಡ ಎಂದುಕೊಂಡಳು ಬೊರ್ಗಿಲ್ಡ್.

"ನೋಡಿ ಸಾಹೇಬ್ರೇ, ಕಣ್ಣಾರೆ ನೋಡಿ!" ಎಂದು ತೊರ್ಗೈರ್ ಒಳಗೆ ಕೈ ತೋರಿಸಿದ. "ಇದಕ್ಕೆ ಪತ್ತೇದಾರಿ ಬೇರೆ ಬೇಕಾ?"

ಗೋಡೆಗುಂಟ ಓಡಿನ್, ಥೋರ್, ಫ್ರೈ ದೇವತೆಗಳ ಮರದ ಮೂರ್ತಿಗಳಿದ್ದವು. ಕೊನೆಯಲ್ಲಿ ನಿಂತದ್ದು ಟೀರ್, ಬಲಗೈ ಇಲ್ಲದ ದೇವರು. ದೇವತೆಗಳು ತಾವೇ ಸಾಕಿದ ತೋಳ ಫೆನ್ರಿಸ್‌ಗೆ ಹೆದರಿ, ಆಟವೆಂದು ನಂಬಿಸಿ, ಒಂದು ಮೆತ್ತನೆಯ ಪಟ್ಟಿಯಲ್ಲಿ ಅದನ್ನು ಕಟ್ಟಿಹಾಕಿದರಂತೆ. ಆಗ ನಂಬಿಕೆಗೆಂದು ಅದರ ಬಾಯೊಳಗೆ ಕೈ ಇಟ್ಟವನು ಟೀರ್, ಮೋಸ ತಿಳಿದಾಗ ಆ ಕೈ ಕಳೆದುಕೊಂಡವನೂ ಟೀರ್. ಉಳಿದ ಎಡತೋಳಿನಲ್ಲಿ ಸದಾ ಇರುತ್ತಿದ್ದ ಬೆಳ್ಳಿಯ ಆಣೆ ಕಡಗ ಈಗ ಇರಲಿಲ್ಲ.

ಬಾಗಿಲ ಪಕ್ಕದ ಮೂಲೆಯಲ್ಲಿ ಫೆನ್ರಿಸ್ ಕೂತಿದ್ದ. ಎದೆಯೆತ್ತರದ ಕಪ್ಪು ತೋಳ. ತೆರೆದ ಬಾಯೊಳಗೆ ಒಂದು ಮರದ ಕತ್ತಿ ನೆಟ್ಟಗೆ ನಿಂತಿತ್ತು, ದವಡೆ ಮುಚ್ಚದ ಹಾಗೆ. ಕೊರಳಿನ ರೇಷ್ಮೆ ಪಟ್ಟಿ ಮಾತ್ರ ಬಿಚ್ಚಿಹೋಗಿ ನೆಲದ ಮೇಲೆ ಸುರುಳಿಯಾಗಿ ಬಿದ್ದಿತ್ತು.

"ಈ ಮೃಗಾನ ಒಳಗೆ ಬಿಟ್ಕೊಳ್ಳೋಕೆ ನಾನು ಎರಡೇ ಷರತ್ತು ಹಾಕಿದ್ದು" ಎಂದು ತೊರ್ಗೈರ್ ಗುಡುಗಿದ. "ಕೊರಳಲ್ಲಿ ಪಟ್ಟಿ, ಬಾಯಲ್ಲಿ ಕತ್ತಿ. ಎರಡೂ ಯಾವತ್ತೂ ತೆಗೀಬಾರ್ದು. ತೆಗೆದೋರು ಕೂಟದಿಂದ ಹೊರಗೆ. ಅವಳು ಪಟ್ಟಿ ಬಿಚ್ಚಿ ತೋಳನನ್ನ ಬಿಟ್ಲು, ಟೀರ್ ಮೇಲಿನ ಸೇಡಿಗೆ ಕಡಗ ಎತ್ತಿದ್ಲು. ತೋಳಪೂಜೆಯೋರ ಬುದ್ಧೀನೇ ಅಷ್ಟು!"

"ಅವಳು ಪ್ರಾರ್ಥನೆ ಮಾಡೋದನ್ನ ನೀವು ನೋಡಿದೀರಾ?" ಎಂದು ಕೇಳಿದ ಹಲ್‌ಸ್ಟೈನ್.

"ನಾನಾ? ಅದು ನನ್ನ ಕಿವಿಗೆ ಬಿದ್ರೆ ಕಿವೀನೇ ಮೈಲಿಗೆ!"

"ಕಡಗಾನ ಎಲ್ಲಾದ್ರೂ ಎಸೆದಿದ್ರೆ? ಹೂತಿದ್ರೆ?"

ಪೂಜಾರಿಯ ಮುಖ ಬಿಳಚಿಕೊಂಡಿತು. "ಬಿಡ್ತು ಅನ್ನಿ. ಆ ಕಡಗ ಕೆಳಗಿಡೋ ಹಾಗೇ ಇಲ್ಲ. ದೇವರ ತೋಳಿಂದ ಮನುಷ್ಯರ ತೋಳಿಗೆ, ಮನುಷ್ಯರ ತೋಳಿಂದ ದೇವರ ತೋಳಿಗೆ, ಅಷ್ಟೇ. ನೆಲಕ್ಕಾಗ್ಲಿ ಮೇಜಿಗಾಗ್ಲಿ ತಾಗಿದ್ರೆ ಅದರ ಮೇಲೆ ಇಟ್ಟ ಆಣೆ ಎಲ್ಲಾ ಬಿದ್ದುಹೋಯ್ತು ಅಂತ ಲೆಕ್ಕ. ನನ್ನ ಮದುವೆ ಆಣೇನೂ ಅದ್ರ ಮೇಲೇ ಇದೆ, ತಿಳ್ಕೊಳ್ಳಿ!"

ಹಲ್‌ಸ್ಟೈನ್ "ಹ್ಞೂಂ" ಎಂದು ಮೂಗು ಅರಳಿಸಿದ. ಎಂಬ್ರಿಕ್‌ನ ಅಡುಗೆಮನೆಯಿಂದ ವಾಫಲ್ ಬೇಯುವ ವಾಸನೆ ಬರುತ್ತಿತ್ತು. ಬೊರ್ಗಿಲ್ಡ್ ಹಣೆ ಚಚ್ಚಿಕೊಂಡಳು. ಇನ್ನು ಈ ಮನುಷ್ಯನ ತನಿಖೆ ಎತ್ತ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಅಡುಗೆಮನೆಯಲ್ಲಿ ಪೂಜಾರಿಯ ಹೆಂಡತಿ ರಾಗ್ನಿ ಉರಿಯುವ ಒಲೆಯೆದುರು ನಿಂತಿದ್ದಳು. ಎಂಬ್ರಿಕ್‌ನ ತೀರಿಹೋದ ತಮ್ಮನ ಮಗಳು. ದುಂಡು ಮುಖ, ಮೆಲುಮಾತು. ಹಬ್ಬದೂಟ ಅವಳದೇ, ಎತ್ತಿನ ಚರ್ಮದ ಜೋಡು ಹೊಲಿದವಳೂ ಅವಳೇ. ದಪ್ಪ ಉಣ್ಣೆಯ ಸ್ವೆಟರಿನ ತೋಳು ಮುಂಗೈವರೆಗೂ ಇಳಿದಿತ್ತು. ಅಂಚಿಗೆ ವಾಫಲ್ ಹಿಟ್ಟು ಮೆತ್ತಿ ಗಟ್ಟಿಯಾಗಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಅಯ್ಯೋ, ಆ ಸ್ವೆಟರಾದ್ರೂ ತೆಗೀಬಾರ್ದೇನಮ್ಮ? ಬೆಂದು ಹೋಗ್ತಿದೀಯಲ್ಲ!" ಎಂದಳು ಬೊರ್ಗಿಲ್ಡ್.

"ಶೀತ ಕಣ್ರೀ, ಎದೆ ಕಟ್ಟಿದೆ" ಎಂದು ರಾಗ್ನಿ ನಕ್ಕಳು. ಹಲ್‌ಸ್ಟೈನ್‌ನ ತಟ್ಟೆಗೆ ವಾಫಲ್ ಹಾಕಿ, ಮೇಲೆ ಕಂದು ಚೀಸಿನ ತೆಳು ಹಾಳೆ ಇಟ್ಟಳು. "ಓಸ್ನೆ ಪಾಪದ ಹುಡುಗಿ ಸಾಹೇಬ್ರೇ. ನಮ್ಮನೆಯೋರ ಮಾತು ಮನಸಿಗೆ ಹಚ್ಕೋಬೇಡಿ."

"ನಿನ್ನೆ ಸಂಜೆ ನೀವು ಗುಡಿಯಿಂದ ಬರ್ತಾ ಇದ್ದದ್ದನ್ನ ನೋಡ್ದೆ ಅಂತ ಎಂಬ್ರಿಕ್ ಅಂದ" ಎಂದ ಹಲ್‌ಸ್ಟೈನ್.

ಎಂಬ್ರಿಕ್ ಹಾಗೆ ಹೇಳಿದ್ದು ಯಾವಾಗ? ಬೊರ್ಗಿಲ್ಡ್ ಗಂಡನ, ಅಲ್ಲ, ಮಾಜಿ ಗಂಡನ ಮುಖ ನೋಡಿದಳು. ತಾನು ಕಾರಿಗೆ ಬೀಗ ಹಾಕುವಾಗ ಅಂಗಳದಲ್ಲಿ ಇಬ್ಬರೂ ಗುಸುಗುಸು ಎಂದದ್ದು ಇದೇ ಇರಬೇಕು. ತನಗೆ ಒಂದು ಮಾತೂ ಹೇಳಿರಲಿಲ್ಲ, ಯಥಾಪ್ರಕಾರ.

"ಹೌದು, ಅವಳ ಜೊತೆ ಪ್ರಾರ್ಥನೆಗೆ ಕೂತಿದ್ದೆ" ಎಂದಳು ರಾಗ್ನಿ ನಿರಾಳವಾಗಿ. "ಯಾವಾಗ್ಲೂ ಕೂರ್ತೀನಿ. ಒಂಟಿ ಹುಡುಗಿ ಅಲ್ವಾ. ಅವಳು ಪಾಪ ಒಂದು ಕಡ್ಡೀನೂ ಅಲ್ಲಾಡ್ಸಲ್ಲ. ಸುಮ್ನೆ ಕಣ್ಮುಚ್ಚಿ ಕೂತು ಏನೋ ಗೊಣಗ್ತಾಳೆ, ಎದ್ದು ಹೋಗ್ತಾಳೆ. ನಿನ್ನೆ ನಾವು ಹೊರಡೋವಾಗ ಕಡಗ ಇದ್ದಲ್ಲೇ ಇತ್ತು. ಆಮೇಲೆ ವಾಪಸ್ ಬಂದ್ಲೋ ಏನೋ, ಹೇಗೆ ಹೇಳ್ಲಿ?"

ಹಲ್‌ಸ್ಟೈನ್ ಇನ್ನೊಂದು ವಾಫಲ್ ಕೇಳಿದ. ಬೊರ್ಗಿಲ್ಡ್ ಮೇಜಿನಡಿ ಅವನ ಕಾಲು ತುಳಿದಳು. ಒಬ್ಬ ಹುಡುಗಿಯ ಬದುಕು ಮುರಿದುಬೀಳುತ್ತಿರುವಾಗ ಇವನಿಗೆ ಚೀಸು!

ಓಸ್ನೆ ಕುರಿದೊಡ್ಡಿಯ ಹಿಂದೆ ಒಬ್ಬಳೇ ಕೂತಿದ್ದಳು. ಇಪ್ಪತ್ತೈದರ ಹರೆಯದ ಸಪೂರ ಹುಡುಗಿ. ಬಟ್ಟೆಗಂಟು ಆಗಲೇ ಕಟ್ಟಿ ಪಕ್ಕದಲ್ಲಿಟ್ಟುಕೊಂಡಿದ್ದಳು.

"ಯಾಕೆ ಗಂಟು ಕಟ್ಟಿದೀಯ?" ಎಂದು ಕೇಳಿದ ಹಲ್‌ಸ್ಟೈನ್.

"ಅಭ್ಯಾಸ" ಎಂದಳು. "ಹೋಗು ಅನ್ನೋಕೆ ಮುಂಚೆ ಎದ್ದುಹೋದ್ರೆ ನೋವು ಕಮ್ಮಿ."

"ನೀನು ಕಡಗ ತಗೊಂಡ್ಯಾ?"

"ಇಲ್ಲ."

"ಮತ್ತೆ ಸಭೆ ಮುಂದೆ ಅದನ್ನ ಹೇಳೋಕೇನು?" ಬೊರ್ಗಿಲ್ಡ್‌ಗೆ ತಡೆಯಲಾಗಲಿಲ್ಲ. "ಬಾಯಿ ಬಿಟ್ಟು ಹೇಳಮ್ಮ! ಇಲ್ಲಿ ಒಬ್ಬ ಮಾತಾಡಲ್ಲ ಅಂತ ನಾನು ಸಾಯ್ತಿದೀನಿ, ನೀನೂ ಶುರು ಮಾಡ್ಬೇಡ."

ಹುಡುಗಿ ಗಂಟನ್ನು ಮಡಿಲಿಗೆಳೆದುಕೊಂಡಳು. ಹಲ್‌ಸ್ಟೈನ್ ಮೆತ್ತಗೆ ಕೇಳಿದ: "ನೀನು ಹ್ಯಾಗೆ ಪ್ರಾರ್ಥನೆ ಮಾಡ್ತೀಯ ಅಂತ ನಮಗೆ ತೋರಿಸ್ತೀಯಾ?"

ಓಸ್ನೆ ಎದ್ದಳು. ಗುಡಿಯೊಳಗೆ ಹೋಗುತ್ತಲೇ ಮೊದಲು ಮಾಡಿದ ಕೆಲಸ, ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ್ದು.

"ದಿನಾ ಹಾಕ್ತೀಯಾ?"

"ದಿನಾ. ಯಾರಾದ್ರೂ ನೋಡಿದ್ರೆ ಅವತ್ತೇ ನನ್ನನ್ನ ಓಡಿಸ್ತಾರಲ್ಲ."

ಅವಳು ತೋಳನ ಮುಂದೆ ಮಂಡಿಯೂರಿದಳು. ಅದರೆದುರು ನೈವೇದ್ಯಕ್ಕಿಟ್ಟಿದ್ದ ಹಾಲಿನ ಬಟ್ಟಲನ್ನು ಹತ್ತಿರ ಸರಿಸಿದಳು. ಅಂಗಿಯ ಎರಡೂ ತೋಳುಗಳನ್ನು ಭುಜದವರೆಗೂ ಮಡಚಿ, ಒಂದು ಬರಿಗೈಯನ್ನು ಅದರ ಬಾಯೊಳಗೆ ತೂರಿಸಿ, ಇನ್ನೊಂದು ಕೈಯಿಂದ ಮರದ ಕತ್ತಿಯನ್ನು ಮೆಲ್ಲಗೆ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು. ಚರ್ಮದ ಕೀಲಿನ ಮೇಲೆ ದವಡೆ ಇಳಿದು ಅವಳ ಮುಂಗೈ ಮೇಲೆ ಕೂತಿತು. ಹಣೆಯನ್ನು ಅದರ ಮೂತಿಗೆ ಆನಿಸಿ ಅವಳು ಹೇಳತೊಡಗಿದಳು:

"ಕಟ್ಟಿಸಿಕೊಂಡವನೇ, ಫೆನ್ರಿಸ್. ಉಣ್ಣಿಸಿದ ಕೈಗಳೇ ನಿನಗೆ ಹೆದರಿದವು, ಆಟ ಎಂದು ಕರೆದು ಕಟ್ಟಿದವು. ನಿನ್ನ ಬಿಡಿಸಲು ನಾನು ಬರಲಿಲ್ಲ. ಬಿಟ್ಟರೆ ನೀನು ಏನು ಮಾಡುತ್ತೀಯೆಂದು ನಿನಗೂ ಗೊತ್ತು, ನನಗೂ ಗೊತ್ತು. ಒಂದು ಗಳಿಗೆ ಬಾಯಿ ಮುಚ್ಚಿ ಸುಧಾರಿಸಿಕೋ, ನಾನು ಕೂತಿರುತ್ತೇನೆ. ನನ್ನೊಳಗಿನ ಸಿಟ್ಟು ನಿನ್ನ ಕುಲದ್ದು. ಅದಕ್ಕೂ ಒಂದು ಗಳಿಗೆ ವಿಶ್ರಾಂತಿ ಕೊಡು. ನನ್ನ ಹತ್ತಿರ ಬರುವ ಕೈ ಮೋಸದ್ದಾಗದಿರಲಿ. ಬಂದ ಕೈಯನ್ನು ನಾನು ಕಚ್ಚದಿರಲಿ."

ಬೊರ್ಗಿಲ್ಡ್‌ಗೆ ಸಿಟ್ಟೇ ಬಂತು. ಇಷ್ಟು ಮುದ್ದಾದ ಮಾತನ್ನು ಅಗಳಿ ಹಾಕಿಕೊಂಡು ಹೇಳಬೇಕಾದ ಕರ್ಮವೇ!

ಓಸ್ನೆ ಕತ್ತಿಯನ್ನು ಮತ್ತೆ ತೋಳನ ಬಾಯಿಗಿಟ್ಟಳು. "ಪಟ್ಟಿ ಬಿಚ್ಚಿದ್ದು ನಾನಲ್ಲ ಅನ್ನೋಕೆ ಹೋದ್ರೆ ಇದನ್ನ ಹೇಳ್ಬೇಕಾಗತ್ತೆ. ಇದನ್ನ ಹೇಳಿದ್ರೂ ಓಡಿಸ್ತಾರೆ. ಹಾಗಾಗಿ ಸುಮ್ನಿದ್ದೆ."

ಹೊರಗೆ ಬಂದಾಗ ಬೊರ್ಗಿಲ್ಡ್ ಹಲ್‌ಸ್ಟೈನ್‌ನ ಕೋಟು ಹಿಡಿದೆಳೆದಳು. "ಈಗ ಹೇಳು. ಯಾರು?"

"ಸಭೇಲಿ ಹೇಳ್ತೀನಿ."

"ಸಭೇಲಿ! ಅಷ್ಟು ಜನದ ಮುಂದೆ ಬಾಯಿ ಬಿಡ್ತೀಯ, ಮಡದಿಗೆ ಮಾತ್ರ ಹೇಳಲ್ಲ!"

"ಮಾಜಿ" ಎಂದ ಅವನು.

ಅವಳಿಗೆ ಅವನನ್ನು ಅಲ್ಲೇ ಬಿಟ್ಟು ಕಾರು ಹತ್ತಿ ಹೊರಟುಹೋಗಬೇಕೆನಿಸಿತು. ಹೋಗಲಿಲ್ಲ, ಯಾರು ಎಂದು ತಿಳಿಯದೆ ಹೋಗುವುದು ಹೇಗೆ?

ಮಧ್ಯಾಹ್ನ ಕೂಟದವರೆಲ್ಲ ಗುಡಿಯಲ್ಲಿ ಸೇರಿದರು. ಚರ್ಮದ ಜೋಡನ್ನು ನಡುವೆ ಇಟ್ಟಿದ್ದರು. ಓಸ್ನೆ ತನ್ನ ಗಂಟಿನೊಂದಿಗೆ ಬಾಗಿಲ ಬಳಿ ನಿಂತಿದ್ದಳು. ತೊರ್ಗೈರ್ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಹಲ್‌ಸ್ಟೈನ್ ಕುರ್ಚಿಯಿಂದ ಎದ್ದ.

"ತೋಳನನ್ನ ಪ್ರೀತಿ ಮಾಡೋರು ತೋಳನನ್ನ ಬಿಡಿಸ್ತಾರೆ ಅಂತ ನೀವೆಲ್ಲ ನಂಬಿದೀರಿ. ಪಟ್ಟಿ ಬಿಚ್ಚಿದೋರಿಗೂ ಅದೇ ನಂಬಿಕೆ, ಅನುಮಾನ ಓಸ್ನೆ ಮೇಲೆ ಬರ್ಲಿ ಅಂತಾನೇ ಬಿಚ್ಚಿದ್ದು. ಎಲ್ಲಿ, ಆ ಬಾಯಿ ನೋಡಿ."

ಎಲ್ಲರೂ ನೋಡಿದರು.

"ಕತ್ತಿ ಇದ್ದಲ್ಲೇ ಇದೆ. ನಿಮಗೆ ಬೇಕಾದೋರ ಬಾಯಿಗೆ ಕತ್ತಿ ಚುಚ್ಚಿದೆ, ಕೊರಳಿಗೆ ಮೆತ್ತನೆ ಪಟ್ಟಿ ಕಟ್ಟಿದೆ. ಬಿಡಿಸೋಕೆ ಬಂದ್ರೆ ಮೊದ್ಲು ಯಾವುದನ್ನ ತೆಗೀತೀರಿ? ಕೊರಳಿನ ಪಟ್ಟಿ ಬಿಚ್ಚಿ, ಬಾಯಲ್ಲಿ ಕತ್ತಿ ಹಾಗೇ ಬಿಟ್ಟು ಹೋಗೋದು ಪುರಾಣ ಓದಿದೋರು, ತೋಳನ ಮುಂದೆ ಕೂತೋರಲ್ಲ. ಓಸ್ನೆ ದಿನಾ ಮೊದ್ಲು ತೆಗೆಯೋದು ಕತ್ತೀನೇ."

ಗುಡಿಯಲ್ಲಿ ಗದ್ದಲವಾಯಿತು. "ತೆಗೀತಾಳಾ? ದಿನಾ? ನನ್ನ ಷರತ್ತು..." ತೊರ್ಗೈರ್ ಕೆಂಪಗಾಗಿ ಎದ್ದ.

"ಕೂತ್ಕೊಳ್ರೀ!" ಬೊರ್ಗಿಲ್ಡ್ ಎಷ್ಟು ಜೋರಾಗಿ ಕಿರುಚಿದಳೆಂದರೆ ಅವನು ನಿಜಕ್ಕೂ ಕೂತ. "ಈ ಮನುಷ್ಯ ಬಾಯಿ ಬಿಡೋದೇ ವರ್ಷಕ್ಕೊಂದ್ಸಲ. ಮುಗಿಸ್ಲಿ!"

"ಅಗಳಿ ಹಾಕ್ಕೊಂಡು ತೆಗೀತಾಳೆ, ಹಾಗಾಗಿ ಯಾರೂ ನೋಡಿಲ್ಲ" ಎಂದು ಹಲ್‌ಸ್ಟೈನ್ ಮುಂದುವರಿಸಿದ. "ಆದ್ರೆ ಒಬ್ರು, ನಾನು ಯಾವಾಗ್ಲೂ ಅವಳ ಜೊತೆ ಕೂತಿರ್ತೀನಿ, ಅವಳು ಒಂದು ಕಡ್ಡೀನೂ ಅಲ್ಲಾಡ್ಸಲ್ಲ ಅಂದ್ರು. ಕೂತಿದ್ರೆ ಕತ್ತಿ ವಿಷ್ಯ ಗೊತ್ತಿರ್ತಿತ್ತು. ಕೂತಿರ್ಲಿಲ್ಲ. ಮತ್ತೆ ನಿನ್ನೆ ಸಂಜೆ ಗುಡಿಯಿಂದ ಬಂದದ್ದು ಯಾಕೆ? ಇನ್ನು ಕಡಗ. ಹೊರಗಿನ ಕಳ್ಳ ಆಗಿದ್ರೆ ಜೇಬಿಗೆ ಹಾಕ್ಕೊಂಡು ಹೋಗ್ತಿದ್ದ. ನಿಮ್ಮೋರಿಗೆ ಹಾಗೆ ಮಾಡೋಕಾಗಲ್ಲ. ಕೆಳಗಿಟ್ರೆ ಮದುವೆ ಆಣೆ ಸಮೇತ ಬಿದ್ದುಹೋಗತ್ತೆ ಅಂತ ನಂಬಿದೋರು ಕಡಗಾನ ಒಂದೇ ಕಡೆ ಇಟ್ಕೋಬಹುದು, ತೋಳಲ್ಲಿ. ಬೆಳಗಿಂದ ಎಂಬ್ರಿಕ್‌ನ ತೋಳು ನೋಡ್ದೆ, ಪೂಜಾರಿಗಳ ತೋಳು ಬೇಡ ಅಂದ್ರೂ ಕಾಣ್ಸತ್ತೆ, ಓಸ್ನೆ ಭುಜದವರೆಗೂ ತೋರ್ಸಿದ್ಲು. ನಿನ್ನೆ ಸಂಜೆ ಬೇರೆ ಯಾರೂ ಈ ಅಂಗಳಕ್ಕೆ ಕಾಲಿಟ್ಟಿಲ್ಲ ಅಂತಾನೂ ಎಂಬ್ರಿಕ್ ಹೇಳ್ದ. ಉರಿಯೋ ಒಲೆ ಮುಂದೆ, ಹಿಟ್ಟು ಮೆತ್ಕೊಂಡ್ರೂ ತೋಳು ಮಡಚದೆ ಇದ್ದೋರು ಒಬ್ರೇ."

ಬೊರ್ಗಿಲ್ಡ್‌ಗೆ ಮೈಯೆಲ್ಲ ಉರಿಯಿತು. ಸ್ವೆಟರ್ ತೆಗೆ ಎಂದು ಬಾಯಿಬಿಟ್ಟು ಹೇಳಿದವಳು ತಾನು! ಹೆಸರು ಬರುವುದು ಮಾತ್ರ ಇವನಿಗೆ!

ರಾಗ್ನಿ ನಿಧಾನವಾಗಿ ಎಡತೋಳಿನ ಉಣ್ಣೆಯನ್ನು ಮೇಲೆ ಸರಿಸಿದಳು. ಬೆಳ್ಳಿ ಕಡಗ ಚರ್ಮಕ್ಕೆ ಒತ್ತಿ ಕೆಂಪು ಗುರುತು ಮಾಡಿತ್ತು. ಅವಳು ನಡೆದುಹೋಗಿ ಅದನ್ನು ಟೀರ್‌ನ ತೋಳಿಗೆ ಹಾಕಿದಳು.

"ರಾಗ್ನಿ!" ತೊರ್ಗೈರ್‌ಗೆ ಮಾತೇ ಹೊರಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಇರಬೇಕು.

"ಯಾಕೆ?" ಎಂದ ಎಂಬ್ರಿಕ್. "ಆಸ್ತಿಗಾ? ಆಸ್ತಿ ಬೇಕಿದ್ರೆ ನನ್ನ ಕೇಳಿದ್ರೆ..."

"ನಾನು ಕೇಳ್ಬೇಕಿತ್ತಾ?" ರಾಗ್ನಿಯ ಮೆಲುಮಾತು ಎಲ್ಲಿಗೋ ಹೋಗಿಬಿಟ್ಟಿತ್ತು. "ನಿಮ್ಮ ಆಸ್ತಿ ಕಟ್ಕೊಂಡು ನನಗೇನಾಗ್ಬೇಕು ದೊಡ್ಡಪ್ಪ! ದೊಡ್ಡಮ್ಮ ಹಾಸಿಗೆ ಹಿಡಿದಾಗ ನೋಡ್ಕೊಂಡಿದ್ದು ಯಾರು? ನಿಮಗೆ ಕಾಲು ಮುರಿದಾಗ ಚಳಿಗಾಲ ಪೂರ್ತಿ ಕುರಿಗೆ ಹುಲ್ಲು ಹಾಕಿದ್ದು ಯಾರು? ಒಂದ್ಸಲ, ಒಂದೇ ಒಂದ್ಸಲ ಮಗಳು ಅಂದಿದೀರಾ? ನಿನ್ನೆ ಮೊನ್ನೆ ಬಂದೋಳಿಗೆ ಎತ್ತು ಕಡಿದ್ರಿ. ಆ ಜೋಡನ್ನ ನನ್ನ ಕೈಲೇ ಹೊಲಿಸಿದ್ರಿ. ರಾಗ್ನಿ ಒಳ್ಳೆಯೋಳು, ರಾಗ್ನಿ ಕಾಲಿಡ್ತಾಳೆ ಅಂತ ಎಲ್ರೂ ಅಂದ್ಕೊಂಡ್ರಿ. ಕಾಲಿಡ್ತೀಯೇನೇ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ!"

ಇಡೀ ಕೂಟವೇ ತಲೆತಗ್ಗಿಸಿತ್ತು.

"ಅಯ್ಯೋ ನಿಮ್ಮ ಮನೆ ಹಾಳಾಗ!" ಎಂದಳು ಬೊರ್ಗಿಲ್ಡ್. "ಒಬ್ಬಳು ಅಗಳಿ ಹಾಕ್ಕೊಂಡು ತೋಳನ ಹತ್ರ ಮಾತಾಡ್ತಾಳೆ, ಇನ್ನೊಬ್ಬಳು ಮನುಷ್ಯರ ಹತ್ರ ಆಡೋಕಾಗದೆ ಕಳ್ಳಿ ಆಗ್ತಾಳೆ. ಎದುರುಬದುರು ಕೂತು ಎರಡು ಮಾತು ಆಡೋಕೆ ನಿಮಗೇನು ಬಂದಿದೆ ರೋಗ?"

ರಾಗ್ನಿ ಬಾಗಿಲ ಕಡೆ ನಡೆದಳು. ಬಾಗಿಲಲ್ಲಿ ಓಸ್ನೆ ಅಡ್ಡ ನಿಂತಿದ್ದಳು.

"ಬಿಡು, ಹೋಗ್ತೀನಿ. ತೆಗೆದೋರು ಹೊರಗೆ ಅಂತ ನಿಯಮ ಇದೆಯಲ್ಲ" ಎಂದಳು ರಾಗ್ನಿ.

"ನಾನೂ ಕತ್ತಿ ತೆಗೆದಿದೀನಿ, ರಾಗ್ನಿ ಅಕ್ಕ" ಎಂದಳು ಓಸ್ನೆ. "ಹೋಗೋದಾದ್ರೆ ಇಬ್ರೂ ಹೋಗ್ಬೇಕು. ನನಗೆ ಹೋಗಿ ಹೋಗಿ ಸಾಕಾಗಿದೆ." ಅವಳು ಎಂಬ್ರಿಕ್ ಕಡೆ ತಿರುಗಿದಳು. "ಅವರನ್ನ ಮೊದ್ಲು ಕೇಳಿ. ಅವರು ಬೇಡ ಅಂದ್ರೆ ನನಗೂ ಬೇಡ. ನನಗೆ ಒಬ್ಬರನ್ನ ತಳ್ಳಿ ಸಿಗೋ ಮನೆ ಬೇಡ."

ಎಂಬ್ರಿಕ್ ಎದ್ದು ಬಂದ. ಕುರಿಗಳನ್ನು ಬಯ್ದೇ ರೂಢಿಯಾದ ಆ ದೊಡ್ಡ ಗಂಟಲಿನಿಂದ ಸಣ್ಣ ಸ್ವರ ಹೊರಟಿತು. "ರಾಗ್ನಿ. ನೀನು ಇದ್ದೇ ಇರ್ತೀಯ ಅಂತ ಅಂದ್ಕೊಂಡ್ಬಿಟ್ಟೆ ಕಣೇ. ಇದ್ದೋರನ್ನ ಕೇಳ್ಬೇಕು ಅಂತ ತೋಚ್ಲೇ ಇಲ್ಲ. ಈಗ ಕೇಳ್ತಿದೀನಿ. ನನಗೆ ಮಗಳಾಗ್ತೀಯಾ? ಇವಳಿಗಿಂತ ಮೊದ್ಲು ಕಾಲಿಡ್ತೀಯಾ?"

ರಾಗ್ನಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟು ಹೊತ್ತು ಅತ್ತಳೆಂದರೆ ತೊರ್ಗೈರ್ ತನ್ನ ಬರಿತೋಳುಗಳನ್ನು ಉಜ್ಜಿಕೊಳ್ಳುತ್ತ, ಏನು ಮಾಡಬೇಕೆಂದು ತೋಚದೆ, ಕೊನೆಗೆ ಹೋಗಿ ಅವಳ ಪಕ್ಕ ನಿಂತ. ಬೊರ್ಗಿಲ್ಡ್ ಕರವಸ್ತ್ರಕ್ಕೆ ತಡಕಾಡಿದಳು. ಹಲ್‌ಸ್ಟೈನ್ ತನ್ನದನ್ನು ಚಾಚಿದ. ಅದಕ್ಕೆ ಚೀಸಿನ ವಾಸನೆ ಇತ್ತು, ಆದರೂ ಈ ಸಲ ಅವಳು ಏನೂ ಅನ್ನಲಿಲ್ಲ.

ಎಂಬ್ರಿಕ್ ಬೂಟು ಕಳಚಿ ಹಸಿ ಚರ್ಮದ ಜೋಡಿನಲ್ಲಿ ಕಾಲಿಟ್ಟು ತೆಗೆದ. ರಾಗ್ನಿ ಮೂಗು ಒರೆಸಿಕೊಂಡು, ಕಾಲುಚೀಲ ತೆಗೆದು, ಅದರೊಳಗೆ ಪಾದ ಇಳಿಸಿದಳು. ಕ್ಷಣಕಾಲ ಹಾಗೇ ನಿಂತಳು. ಆಮೇಲೆ ಕಾಲು ತೆಗೆದು, ಬಾಗಿಲಲ್ಲೇ ನಿಂತಿದ್ದ ಹುಡುಗಿಯ ಕಡೆ ಕೈ ಚಾಚಿದಳು.

"ಬಾರೇ. ಗಂಟು ಅಲ್ಲಿಡು, ಯಾರೂ ಕದಿಯಲ್ಲ" ಎಂದಳು, ಇನ್ನೂ ಬಿಕ್ಕುತ್ತಲೇ. "ಒಳಗೆ ತಣ್ಣಗಿದೆ, ಅಂಟಂಟಾಗಿದೆ, ನಾತ ಬೇರೆ. ಈ ಮನೇನೂ ಹೀಗೇ ಇರೋದು. ಅಭ್ಯಾಸ ಮಾಡ್ಕೋ."

ಓಸ್ನೆ ಆ ಕೈ ಹಿಡಿದುಕೊಂಡಳು, ಕಾಲಿಟ್ಟಳು.